ವಿಲ್ಯಮ್ ಎಂಬ ಹೆಸರೂ ಸೇರಾಂಪುರದ ಕೇರಿ ಅಯ್ಯನವರ ಚರಿತ್ರೆಯೂ



ಹೋದ ಸುಗ್ಗಿಯ ಕಾಲದಲ್ಲಿ ಘೋಡಗೇರಿಯ ನಮ್ಮ ಚಿಕ್ಕ ಸಭೆಯೊಳಗೆ ಒಂದು ಗಂಡು ಕೂಸಿನ ದೀಕ್ಷಾಸ್ನಾನದ ಮಾತು ಎದ್ದಿತು. ಕೂಸಿಗೆ ವಿಲ್ಯಮ್ ಎಂಬ ಹೆಸರಿಡಬೇಕೆಂದು ತಂದೆಯ ಇಚ್ಛೆ. ತೀರಿಹೋದ ತನ್ನ ಯಜಮಾನನ ಹೆಸರೇ ಮೊಮ್ಮಗನಿಗೆ ಬರಬೇಕೆಂದು ಅಜ್ಜಿಯ ಇಚ್ಛೆ. ಹಿರಿಯರೊಬ್ಬರು ನಡುವೆ ಬಂದು, ಅಜ್ಜನ ಹೆಸರಿನಲ್ಲಿ ಹಿಂದಿನ ದೇವರ ಹೆಸರು ಸೇರಿರುವದರಿಂದ ಅದು ಸಲ್ಲದು, ವಿಲ್ಯಮ್ ಎಂಬದಾದರೋ ಸತ್ಯವೇದದ ಹೆಸರು, ಅದೇ ಆಗಲಿ ಎಂದು ತೀರ್ಪು ಹೇಳಿದರು. ಅಜ್ಜಿಯು ಏನೂ ಅನ್ನದೆ ಸೆರಗಿನಿಂದ ಕಣ್ಣೊರಸಿಕೊಂಡು ಎದ್ದು ಹೋದಳು. ಆಮೇಲೆ ತಂದೆಯು ನಮ್ಮ ಬಳಿಗೆ ಬಂದು, ಆ ಹೆಸರು ಸತ್ಯವೇದದ ಯಾವ ಪುಸ್ತಕದಲ್ಲಿದೆ, ಅದರ ಅರ್ಥವೇನು ಎಂದು ಕೇಳಿದನು. ಆದಿಕಾಂಡದಿಂದ ಪ್ರಕಟನೆಯ ವರೆಗೆ ಎಲ್ಲಿ ಹುಡುಕಿದರೂ ಆ ಹೆಸರು ಸಿಕ್ಕುವದಿಲ್ಲವೆಂದು ನಾವು ಹೇಳಬೇಕಾಯಿತು. ಅವನು ಬೆರಗಾದನು. ಅವನೊಬ್ಬನೇ ಅಲ್ಲ, ಇಂಗ್ಲಿಷ್ ಹೆಸರೆಲ್ಲವೂ ಕ್ರೈಸ್ತ ಹೆಸರೆಂದು ತಿಳಿದವರು ನಮ್ಮ ಸೀಮೆಯ ಸಭೆಗಳಲ್ಲಿ ಬಹಳ ಮಂದಿ ಇದ್ದಾರೆ. ಆದಕಾರಣ ಈ ಸಾರಿ ಆ ಹೆಸರಿನ ಹುಟ್ಟನ್ನೂ, ಅದನ್ನು ಹೊತ್ತವರಲ್ಲಿ ನಮ್ಮ ದೇಶಕ್ಕೆ ಬಹಳ ಉಪಕಾರ ಮಾಡಿದ ಒಬ್ಬ ಮನುಷ್ಯನ ಜೀವಿತವನ್ನೂ ಬರೆಯುವದಕ್ಕೆ ಮನಸ್ಸು ಮಾಡಿದೆವು.

ವಿಲ್ಯಮ್ ಎಂಬದು ಮೂಲದಲ್ಲಿ ಇಂಗ್ಲಿಷರದೂ ಅಲ್ಲ. ಅದು ಜರ್ಮನ್ ಜನಾಂಗಗಳ ಪುರಾತನ ಭಾಷೆಯಿಂದ ಬಂದದ್ದು. ಎರಡು ಶಬ್ದಗಳು ಕೂಡಿ ಆದದ್ದು. ಮೊದಲನೆಯದಾದ ವಿಲ್ ಎಂಬದಕ್ಕೆ ಇಚ್ಛೆ, ಸಂಕಲ್ಪ, ಮನೋನಿಶ್ಚಯ ಎಂದರ್ಥ. ಎರಡನೆಯದಾದ ಹೆಲ್ಮ್ ಎಂಬದಕ್ಕೆ ಯುದ್ಧದಲ್ಲಿ ತಲೆಯ ಮೇಲೆ ಇಟ್ಟುಕೊಳ್ಳುವ ಶಿರಸ್ತ್ರಾಣ ಎಂದರ್ಥ. ಮೋಟಾರ್ ಸೈಕಲ್ ನಡಿಸುವವರು ತಲೆಗೆ ಹಾಕಿಕೊಳ್ಳುವ ಹೆಲ್ಮೆಟ್ಟು ಎಂಬ ಮಾತು ಇದೇ ಹೆಲ್ಮಿನ ಮರಿ. ಜರ್ಮನರು ಈ ಹೆಸರನ್ನು ವಿಲ್ಹೆಲ್ಮ್ ಎನ್ನುತ್ತಾರೆ. ಫ್ರೆಂಚರು ಗಿಯೋಮ್ ಎನ್ನುತ್ತಾರೆ. ಐರ್ಲೆಂಡಿನವರು ಅದರ ತಲೆಯನ್ನು ಕಡಿದು ಲಿಯಮ್ ಎಂದು ಕರೆಯುತ್ತಾರೆ. ಇಂಗ್ಲಿಷರು ಮನೆಯಲ್ಲಿ ವಿಲ್ ಎಂತಲೂ ಬಿಲ್ ಎಂತಲೂ ಕೂಗುತ್ತಾರೆ. ಎಲ್ಲವೂ ಒಂದೇ. ನಮ್ಮಲ್ಲಿ ಬಸವಣ್ಣ, ಬಸಪ್ಪ, ಬಸ್ಯಾ ಎಂಬವು ಒಂದೇ ಹೆಸರಿನ ಬೇರೆ ಬೇರೆ ಬಾಯಿಗಳಲ್ಲವೋ, ಹಾಗೆಯೇ.

ಇಂಗ್ಲೆಂಡಿನಲ್ಲಿ ಇದು ಬಳಕೆಗೆ ಬಂದದ್ದು 1066ನೇ ಇಸವಿಯಿಂದ. ಆ ವರುಷ ಫ್ರಾನ್ಸ್ ದೇಶದ ನಾರ್ಮಂಡಿಯ ಅಧಿಪತಿಯಾದ ವಿಲ್ಯಮನು ಸಮುದ್ರ ದಾಟಿ ಬಂದು ಇಂಗ್ಲಿಷರನ್ನು ಗೆದ್ದು ಅರಸನಾದನು. ಅದಕ್ಕೆ ಮುಂಚೆ ಆ ನಾಡಿನವರು ಎಡ್ವರ್ಡ್, ಆಲ್ಫ್ರೆಡ್, ಎಡ್ಮಂಡ್ ಎಂದು ಹೆಸರಿಡುತ್ತಿದ್ದರು. ಗೆದ್ದವನ ಹೆಸರನ್ನು ಸೋತವರು ತಮ್ಮ ಮಕ್ಕಳಿಗೆ ಇಡತೊಡಗಿ, ಮುಂದಿನ ಶತಮಾನದೊಳಗೆ ವಿಲ್ಯಮ್ ಎಂಬದು ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಹೆಸರಾಯಿತು. ಲೋಕದ ರೀತಿ ಎಲ್ಲೆಲ್ಲಿಯೂ ಹೀಗೆಯೇ ಇದೆ. ಹಾಗಾದರೆ ಈ ಹೆಸರನ್ನು ಮೊಟ್ಟಮೊದಲು ಕಟ್ಟಿದವರು ಯಾರು? ಕ್ರಿಸ್ತನ ನಾಮವನ್ನು ಕೇಳುವದಕ್ಕೆ ಮುಂಚೆ ತಮ್ಮ ಹಿರಿಯರ ದೇವರುಗಳಿಗೆ ಬಲಿಯರ್ಪಿಸುತ್ತಿದ್ದ, ಈಟಿ ಕತ್ತಿಗಳನ್ನು ಹಿಡಿದ ಜನರು. ಅವರ ಸಂತತಿಯವರು ದೀಕ್ಷಾಸ್ನಾನ ಹೊಂದಿದಾಗ ಹೆಸರು ಸಹ ಅವರ ಸಂಗಡ ದೇವಾಲಯದೊಳಗೆ ಬಂದಿತು. ಅದನ್ನು ಯಾರೂ ಬಾಗಲಲ್ಲಿ ತಡೆಯಲಿಲ್ಲ.

ವಿಲ್ಯಮ್ ಎಂಬ ಅರಸರು ಇಂಗ್ಲೆಂಡಿನಲ್ಲಿ ನಾಲ್ವರು ಆದರು. ನಾವು ಹೇಳಬೇಕೆಂದಿರುವದು ಒಬ್ಬ ಮೋಚಿಯ ವಿಷಯ. ಆತನ ಮನೆತನದ ಹೆಸರು ಕೇರಿ. ಈ ಶಬ್ದವನ್ನು ಕೇಳಿದರೆ ನಮ್ಮ ಮಕ್ಕಳು ನಗುತ್ತಾರೆ, ಯಾಕಂದರೆ ನಾವು ಇರುವದೂ ಕೇರಿಯಲ್ಲಿಯೇ, ನಮ್ಮ ಊರಿನ ಹೆಸರಿನ ಬಾಲದಲ್ಲಿ ಕೇಳಿಸುವದೂ ಕೇರಿಯೇ. ಇಂಗ್ಲಿಷಿನ ಆ ಕೇರಿಗೂ ನಮ್ಮ ಕೇರಿಗೂ ಏನೂ ಸಂಬಂಧವಿಲ್ಲ. ಆದರೆ ಕೇರಿಯಲ್ಲಿ ಹುಟ್ಟಿದವರ ಹಾಗೆಯೇ ಆತನು ಬೆಳೆದನೆಂಬದು ನಿಜ.

1761ನೇ ಇಸವಿ ಆಗಸ್ಟ್ 17ನೇ ತಾರೀಖಿನಲ್ಲಿ ನಾರ್ಥ್ಯಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ವಿಲ್ಯಮ್ ಕೇರಿ ಹುಟ್ಟಿದನು. ತಂದೆಯಾದ ಎಡ್ಮಂಡನು ಮಗ್ಗದಲ್ಲಿ ಬಟ್ಟೆ ನೆಯ್ಯುವವನು. ಆಮೇಲೆ ಊರ ಶಾಲೆಯ ಮಾಸ್ತರನಾದನು. ಹುಡುಗನಿಗೆ ಗಿಡ, ಹೂವು, ಹುಳ, ಹಕ್ಕಿಗಳೆಂದರೆ ಪ್ರಾಣ. ಸಮುದ್ರಯಾನದ ಪುಸ್ತಕಗಳನ್ನು ಓದಿ ಓದಿ ಗೆಳೆಯರಿಗೆ ಅದೇ ಕಥೆಗಳನ್ನು ಹೇಳುತ್ತಿದ್ದದರಿಂದ ಅವರು ಆತನಿಗೆ ಕೊಲಂಬಸ್ ಎಂದು ಅಡ್ಡಹೆಸರಿಟ್ಟಿದ್ದರು. ಬಿಸಿಲು ತಾಗಿದರೆ ಮೈಚರ್ಮವು ಕೆಡುವ ರೋಗವಿದ್ದದರಿಂದ ಹೊಲದ ಕೆಲಸ ಆಗಲಿಲ್ಲ. ಆದಕಾರಣ ತಂದೆಯು ನೆರಳಿನಲ್ಲಿ ಕೂತು ಮಾಡುವ ಕೆಲಸವನ್ನು ನೋಡಿ, ಪಿಡಿಂಗ್ಟನ್ ಎಂಬಲ್ಲಿ ಜೋಡು ಹೊಲಿಯುವ ಒಬ್ಬನ ಕೈಕೆಳಗೆ ಬಿಟ್ಟನು. ಬಿಸಿಲಿಗೆ ಹೆದರಿದ ಆ ಹುಡುಗನು ಮುಂದೆ ನಲವತ್ತು ವರುಷ ಬಂಗಾಳದ ಬಿಸಿಲನ್ನು ಉಂಡನೆಂಬದನ್ನು ನಾವು ನೆನಸುವಾಗೆಲ್ಲಾ ಆಶ್ಚರ್ಯಪಡುತ್ತೇವೆ.

ಆ ಅಂಗಡಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಕ್ರಿಸ್‌ಮಸ್ ಕಾಲದಲ್ಲಿ ಒಬ್ಬ ವ್ಯಾಪಾರಿಯು ಆತನಿಗೆ ಇನಾಮಾಗಿ ಒಂದು ಶಿಲ್ಲಿಂಗನ್ನು ಕೊಟ್ಟನು. ಆಮೇಲೆ ನೋಡಿದರೆ ಅದು ಖೋಟಾ ನಾಣ್ಯ. ಹುಡುಗನು ಅದನ್ನು ಯಜಮಾನನ ಹಣದೊಳಗೆ ಸೇರಿಸಿ, ಒಳ್ಳೇ ಶಿಲ್ಲಿಂಗನ್ನು ತಾನು ತೆಗೆದುಕೊಂಡು, ಕೇಳಿದಾಗ ಸುಳ್ಳು ಹೇಳಿದನು. ಈ ಸುಳ್ಳನ್ನು ದಕ್ಕಿಸಿಕೊಟ್ಟರೆ ಇನ್ನು ಮುಂದೆ ಎಂದೂ ಕೆಟ್ಟದ್ದನ್ನು ಮಾಡುವದಿಲ್ಲವೆಂದು ದೇವರಿಗೆ ಪ್ರಾರ್ಥನೆಯನ್ನೂ ಮಾಡಿದನಂತೆ! ದೇವರು ಅದನ್ನು ದಕ್ಕಿಸಿಕೊಡಲಿಲ್ಲ. ಕಳವು ಹೊರಬಿತ್ತು, ಹುಡುಗನು ನಾಚಿಕೆಯಿಂದ ಬೀದಿಗೆ ಬರಲಾರದೆ ಹೋದನು. ಆ ನಾಚಿಕೆಯೊಳಗಿಂದಲೇ ತನಗೆ ರಕ್ಷಕನು ಬೇಕೆಂಬ ಅರಿವು ಆತನಿಗೆ ಹುಟ್ಟಿತು. ಅದೇ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಜಾನ್ ವಾರ್ ಎಂಬ ಇನ್ನೊಬ್ಬ ಹುಡುಗನು ಆತನನ್ನು ಪ್ರಾರ್ಥನೆಯ ಕೂಟಕ್ಕೆ ಕರೆದುಕೊಂಡು ಹೋದನು. 1783ರ ಅಕ್ಟೋಬರಿನಲ್ಲಿ ನೆನ್ ಎಂಬ ಹೊಳೆಯಲ್ಲಿ ಆತನಿಗೆ ಮುಳುಗುವ ದೀಕ್ಷಾಸ್ನಾನವಾಯಿತು.

ಯಜಮಾನನ ಕಪಾಟಿನಲ್ಲಿ ಹೊಸ ಒಡಂಬಡಿಕೆಯ ವ್ಯಾಖ್ಯಾನವೊಂದು ಇತ್ತು. ಅದರ ನಡುನಡುವೆ ಗ್ರೀಕ್ ಅಕ್ಷರಗಳಿದ್ದವು. ಓದಲು ಬಾರದ ಆ ಅಕ್ಷರಗಳನ್ನು ಕೇರಿಯು ಕಾಗದದ ಮೇಲೆ ಚಿತ್ರದಂತೆ ಬರೆದುಕೊಂಡು, ಊರಲ್ಲಿ ಓದು ಬಲ್ಲವನೊಬ್ಬನ ಬಳಿಗೆ ಒಯ್ದು ಅವುಗಳ ಅರ್ಥ ಕೇಳಿದನು. ಹೀಗೆ ಆರಂಭವಾಯಿತು. ಅಟ್ಟೆ ಹೊಲಿಯುತ್ತಾ ಲ್ಯಾಟಿನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತನು. ಹೊಟ್ಟೆ ತುಂಬುತ್ತಿರಲಿಲ್ಲ, ಪುಸ್ತಕ ತೆರೆದಿರುತ್ತಿತ್ತು. ಅಥಣಿ ನಿಪ್ಪಾಣಿಗಳ ಕಡೆಯಲ್ಲಿ ಚಪ್ಪಲಿ ಹೊಲಿದು ಮಕ್ಕಳನ್ನು ಶಾಲೆಗೆ ಕಳುಹಿಸುವ ನಮ್ಮ ಸಹೋದರರು ಇದನ್ನು ಎರಡು ಸಾರಿ ಓದಲಿ.

1781ರಲ್ಲಿ ಆತನು ಡೊರೊಥಿ ಎಂಬವಳನ್ನು ಮದುವೆಯಾದನು. ಡೊರೊಥಿ ಎಂಬದು ಗ್ರೀಕ್ ಮೂಲದ ಹೆಸರು. ದೇವರ ವರ ಎಂದು ಅದರ ಅರ್ಥ. ಅಷ್ಟು ಒಳ್ಳೇ ಹೆಸರನ್ನು ಹೊತ್ತ ಆ ಹೆಂಗಸಿಗೆ ಅದನ್ನು ಬರೆಯಲು ಬರುತ್ತಿರಲಿಲ್ಲ. ಮದುವೆಯ ದಫ್ತರದಲ್ಲಿ ಆಕೆ ಹಾಕಿದ್ದು ಒಂದು ಗೀಟಿನ ಗುರುತು. ನಮ್ಮ ತಾಯಂದಿರ ಹೆಬ್ಬೆಟ್ಟಿಗೂ ಅದಕ್ಕೂ ಏನು ಭೇದ?

ಆಮೇಲೆ ಕೇರಿ ಅಯ್ಯನವರು ಮೋಲ್ಟನ್ ಎಂಬ ಹಳ್ಳಿಯಲ್ಲಿ ಶಾಲೆಯನ್ನೂ ಸಭೆಯನ್ನೂ ನಡಿಸುತ್ತಾ, ಸಂಬಳ ಸಾಲದ್ದರಿಂದ ಜೋಡು ಹೊಲಿಯುವದನ್ನೂ ಬಿಡಲಿಲ್ಲ. ಕಾಗದಗಳನ್ನು ಒಂದಕ್ಕೊಂದು ಅಂಟಿಸಿ ಭೂಲೋಕದ ದೊಡ್ಡ ನಕಾಶೆಯನ್ನು ಮಾಡಿ ಗೋಡೆಗೆ ತೂಗಹಾಕಿದ್ದರು. ಒಂದೊಂದು ದೇಶದ ಮೇಲೆ ಅಲ್ಲಿಯ ಜನಸಂಖ್ಯೆ, ಮತ ಇವುಗಳನ್ನು ಬರೆದಿಟ್ಟಿದ್ದರು. ಕೈಯಲ್ಲಿ ದಬ್ಬಣ, ಕಣ್ಣು ನಕಾಶೆಯ ಮೇಲೆ. 1792ರಲ್ಲಿ ಅನ್ಯದೇಶಗಳಿಗೆ ಸುವಾರ್ತೆಯನ್ನು ಕಳುಹಿಸುವ ವಿಷಯದಲ್ಲಿ ಒಂದು ಪುಸ್ತಕವನ್ನು ಬರೆದರು. ಅದೇ ವರುಷ ಮೇ ತಿಂಗಳಲ್ಲಿ ನಾಟಿಂಗ್ಹ್ಯಾಮಿನಲ್ಲಿ, ಗುಡಾರದ ಸ್ಥಳವನ್ನು ವಿಸ್ತರಿಸುವ ಯೆಶಾಯನ ಪ್ರವಾದನೆಯನ್ನು ಹಿಡಿದು ಪ್ರಸಂಗ ಮಾಡಿದರು. ಅಕ್ಟೋಬರ್ 2ನೇ ತಾರೀಖಿನಲ್ಲಿ ಕೆಟರಿಂಗ್ ಎಂಬ ಊರಿನ ಒಬ್ಬ ವಿಧವೆಯ ಮನೆಯ ಹಿಂಭಾಗದ ಕೋಣೆಯಲ್ಲಿ ಕೆಲವು ಮಂದಿ ಬೋಧಕರು ಕೂಡಿ ಬ್ಯಾಪ್ಟಿಸ್ಟ್ ಮಿಷನ್ ಸಂಘವನ್ನು ಸ್ಥಾಪಿಸಿದರು. ಆ ದಿನ ಬರೆಯಲ್ಪಟ್ಟ ಹಣ 13 ಪೌಂಡು 2 ಶಿಲ್ಲಿಂಗ್ 6 ಪೆನ್ಸು. ಕೇರಿ ಅಯ್ಯನವರ ಬಳಿ ಕೊಡುವದಕ್ಕೆ ಹಣವಿರಲಿಲ್ಲ, ತಮ್ಮನ್ನೇ ಕೊಟ್ಟರು.

ತಮ್ಮನ್ನು ಕೊಟ್ಟರೆಂದು ಬರೆಯುವದು ಸುಲಭ. ಡೊರೊಥಿ ಅಮ್ಮನವರನ್ನು ಯಾರು ಕೊಟ್ಟರು? ಇದನ್ನು ಮಿಷನ್ ಪುಸ್ತಕಗಳು ಒಂದೆರಡು ಮಾತಿನಲ್ಲಿ ಮುಗಿಸುತ್ತವೆ; ನಮಗೆ ಹಾಗೆ ಮುಗಿಸುವದಕ್ಕೆ ಮನಸ್ಸಾಗದು. ಆಕೆ ತುಂಬಿದ ಬಸುರಿ, ಬರುವದಿಲ್ಲವೆಂದಳು. ಹೊರಡುವದು ತಡವಾಗಿ, ಕೂಸು ಹುಟ್ಟಿ ಕೆಲವು ವಾರಗಳಾದ ಮೇಲೆ, ತಂಗಿಯೂ ಸಂಗಡ ಬರುವದಾದರೆ ಬರುವೆನೆಂದು ಒಪ್ಪಿದಳು. ಆ ಕೂಸಿಗೆ ಯಾಬೇಚ ಎಂದು ಹೆಸರಿಟ್ಟರು. ಪೂರ್ವಕಾಲವೃತ್ತಾಂತದಲ್ಲಿ ತಾಯಿಯು ವೇದನೆಯಿಂದ ಹೆತ್ತೆನೆಂದು ಮಗನಿಗೆ ಇಟ್ಟ ಹೆಸರು ಅದು. 1793ರ ಜೂನ್ 13ರಂದು ಡೇನಿಷರ ಹಡಗಿನಲ್ಲಿ ಹೊರಟು, ನವೆಂಬರ್ ತಿಂಗಳಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಕಂಪನಿ ಸರಕಾರಕ್ಕೆ ಮಿಷನರಿಗಳು ಬೇಡವಾಗಿದ್ದರು. ಕೈಯಲ್ಲಿದ್ದ ಹಣ ತೀರಿತು. ಕಡೆಗೆ ಮದ್ನಾಬತಿ ಎಂಬಲ್ಲಿ ನೀಲಿಯ ಕಾರಖಾನೆಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. 1794ರಲ್ಲಿ ಅಲ್ಲಿ ಐದು ವರುಷದ ಮಗನಾದ ಪೀಟರನು ಭೇದಿಯಿಂದ ತೀರಿಹೋದನು. ಜಾತಿ ಕೆಡುವದೆಂಬ ಭಯದಿಂದ ಕುಣಿ ತೋಡುವವರಾಗಲಿ ಹೊರುವವರಾಗಲಿ ಸಿಕ್ಕುವದು ಕಷ್ಟವಾಯಿತು; ತಂದೆಯಾದರೋ ಜ್ವರದಿಂದ ಮಲಗಿದ್ದರು. ಆ ದುಃಖದಿಂದ ತಾಯಿಯ ಬುದ್ಧಿ ಕೆಟ್ಟಿತು. 1807ರಲ್ಲಿ ಸಾಯುವ ವರೆಗೆ ಅದು ನೆಟ್ಟಗಾಗಲಿಲ್ಲ. ಒಂದು ಕೋಣೆಯಲ್ಲಿ ಆಕೆಯ ಕೂಗು, ಪಕ್ಕದ ಕೋಣೆಯಲ್ಲಿ ಭಾಷಾಂತರ, ಹೀಗೆ ವರುಷಗಳು ಹೋದವು. ಬಂಗಾಳಿ ಸತ್ಯವೇದಕ್ಕೆ ಬೆಲೆ ಕೊಟ್ಟವರ ಹೆಸರುಗಳನ್ನು ಬರೆಯುವದಾದರೆ, ತನ್ನ ಹೆಸರನ್ನು ಬರೆಯಲಾರದ ಈ ಹೆಂಗಸಿನ ಹೆಸರನ್ನು ಮೊದಲು ಬರೆಯಬೇಕೆಂದು ನಾವು ಎಣಿಸುತ್ತೇವೆ.

1800ನೇ ಇಸವಿಯ ಜನವರಿಯಲ್ಲಿ ಕೇರಿ ಅಯ್ಯನವರು ಹೂಗ್ಲಿ ನದಿಯ ದಡದ ಸೇರಾಂಪುರಕ್ಕೆ ಬಂದರು. ಅದು ಡೇನಿಷರ ಊರಾದದರಿಂದ ಕಂಪನಿಯ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹೊಸದಾಗಿ ಬಂದಿದ್ದ ಜೋಶುವಾ ಮಾರ್ಷ್‌ಮನ್, ವಿಲ್ಯಮ್ ವಾರ್ಡ್ ಇವರೊಂದಿಗೆ ಒಂದೇ ಗಂಟಿನಿಂದ ಖರ್ಚು ಮಾಡುತ್ತಾ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾ ಜೀವಿಸತೊಡಗಿದರು. ವಾರ್ಡ್ ಅಯ್ಯನವರದು ಅಚ್ಚಿನ ಕೆಲಸ. ನೋಡಿರಿ, ಇಲ್ಲಿ ಇಬ್ಬರು ವಿಲ್ಯಮರು ಆದರು. ಅವರ ಸಂಗಡ ಹಡಗಿನಲ್ಲಿ ಬಂದ ಮೂರನೆಯ ವಿಲ್ಯಮನಾದ ಗ್ರಾಂಟ್ ಎಂಬವರು ಬಂದ ಕೆಲವೇ ವಾರಗಳಲ್ಲಿ ತೀರಿಹೋಗಿದ್ದರು.

ಏಳು ವರುಷ ಸಾರಿದರೂ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನಕ್ಕೆ ಬಂದಿರಲಿಲ್ಲ. 1800ರ ಕೊನೆಯಲ್ಲಿ ಕೃಷ್ಣಪಾಲನೆಂಬ ಬಡಗಿಯು ಜಾರಿಬಿದ್ದು ತೋಳಿನ ಕೀಲು ತಪ್ಪಿಸಿಕೊಂಡನು. ಮಿಷನ್ನಿನ ವೈದ್ಯರಾದ ಜಾನ್ ಥಾಮಸರು ಹೋಗಿ ಅವನನ್ನು ಮರಕ್ಕೆ ಕಟ್ಟಿ ಕೀಲನ್ನು ಕೂಡಿಸಿದರು. ನೋವಿನಿಂದ ಕೂಗುವಾಗ ಆ ಬಡಗಿಯು ತನ್ನ ಪಾಪದ ವಿಷಯವನ್ನೇ ಕೂಗಿಕೊಂಡನು. ಅವನು ಮೊದಲೇ ಸುವಾರ್ತೆಯನ್ನು ಕೇಳಿದ್ದನು. ಡಿಸೆಂಬರ್ 22ರಂದು ಅವನೂ ಅವನ ಗೆಳೆಯನಾದ ಗೋಕುಲನೂ ಮಿಷನರಿಗಳ ಸಂಗಡ ಕೂತು ಉಂಡು ಜಾತಿಯನ್ನು ಬಿಟ್ಟರು. ಊರಿನಲ್ಲಿ ಗದ್ದಲವೆದ್ದು ಜನರು ಅವರನ್ನು ಎಳೆದುಕೊಂಡು ಅಧಿಕಾರಿಗಳ ಬಳಿಗೆ ಒಯ್ದರು. ಆದರೂ 28ನೇ ತಾರೀಖು ರವಿವಾರ ಕೇರಿ ಅಯ್ಯನವರು ಒಂದು ಪಕ್ಕದಲ್ಲಿ ತಮ್ಮ ಹಿರೇ ಮಗನನ್ನೂ ಇನ್ನೊಂದು ಪಕ್ಕದಲ್ಲಿ ಕೃಷ್ಣಪಾಲನನ್ನೂ ಕರೆದುಕೊಂಡು ಹೂಗ್ಲಿಯೊಳಗೆ ಇಳಿದರು.

ವಾಚಕರೇ, ನಮ್ಮ ಘೋಡಗೇರಿಯ ಪ್ರಶ್ನೆಯು ಆ ನದಿಯ ದಡದಲ್ಲಿಯೇ ಎದ್ದಿತ್ತು. ಕೃಷ್ಣ ಎಂಬ ಹೆಸರನ್ನು ಇಟ್ಟುಕೊಂಡು ಒಬ್ಬನು ಕ್ರಿಸ್ತನವನಾಗಬಹುದೋ? ಅವನಿಗೆ ಪೇತ್ರ, ಯೋಹಾನ ಎಂದೋ, ಇಲ್ಲವೇ ಗುರುವಿನ ಹೆಸರಾದ ವಿಲ್ಯಮ್ ಎಂದೋ ಹೊಸ ಹೆಸರಿಡಬಾರದೋ? ಆಗಿನ ಕಾಲದ ಬೇರೆ ಸಭೆಗಳಲ್ಲಿ ಹೆಸರನ್ನು ಬದಲಿಸುವದು ಪದ್ಧತಿಯಾಗಿತ್ತು. ಸೇರಾಂಪುರದವರು ಹೊಸ ಒಡಂಬಡಿಕೆಯನ್ನು ತೆರೆದು ನೋಡಿದರು. ಅಪೊಲ್ಲೋಸನ ಹೆಸರು ಅಪೊಲ್ಲೋ ದೇವರಿಂದ ಬಂದದ್ದು. ಪೌಲನಿಗೆ ಪ್ರಿಯನಾದ ಎಪಫ್ರೊದೀತನ ಹೆಸರಿನೊಳಗೆ ಅಫ್ರೊದೀತೆ ಎಂಬ ಗ್ರೀಕರ ದೇವತೆ ಕೂತಿದ್ದಾಳೆ. ಕೆಂಖ್ರೆಯ ಸಭೆಯ ಸೇವಕಳಾದ ಫೊಯಿಬೆಯ ಹೆಸರೂ ದೇವತೆಯದೇ. ರೋಮಾಪುರದ ಸಭೆಯಲ್ಲಿ ಹೆರ್ಮೇಯನೆಂಬವನಿದ್ದನು. ಅವನ ಹೆಸರೂ ಹಾಗೆಯೇ. ಅಪೊಸ್ತಲನು ಇವರಲ್ಲಿ ಯಾರ ಹೆಸರನ್ನೂ ತೆಗೆದುಹಾಕಲಿಲ್ಲ. ಅದೇ ಹೆಸರುಗಳಿಂದ ಅವರನ್ನು ತನ್ನ ಪತ್ರಿಕೆಗಳಲ್ಲಿ ಹೆಸರಿಸಿದನು. ಆದಕಾರಣ ಬಡಗಿಯು ಕೃಷ್ಣನಾಗಿಯೇ ನೀರಿನೊಳಗೆ ಇಳಿದು ಕೃಷ್ಣನಾಗಿಯೇ ಮೇಲಕ್ಕೆ ಬಂದನು. ಅವನ ಪಕ್ಕದಲ್ಲಿ ನಿಂತಿದ್ದ ಕೇರಿ ಅಯ್ಯನವರ ಮಗನ ಹೆಸರು ಫೀಲಿಕ್ಸ್. ಭಾಗ್ಯವಂತನೆಂದು ಅದರ ಅರ್ಥ; ಆದರೆ ಸತ್ಯವೇದದಲ್ಲಿ ಅದು ಪೌಲನನ್ನು ಎರಡು ವರುಷ ಸೆರೆಯಲ್ಲಿಟ್ಟು ಲಂಚಕ್ಕೆ ಕಾದುಕೊಂಡಿದ್ದ ರೋಮ್ ಅಧಿಪತಿಯ ಹೆಸರು! ಆ ದಿನ ನೀರಿನಲ್ಲಿ ನಿಂತ ಮೂವರಲ್ಲಿ ಒಬ್ಬನದಾದರೂ ಭಕ್ತರ ಪಟ್ಟಿಯಿಂದ ತೆಗೆದ ಹೆಸರಲ್ಲ.

ಕೃಷ್ಣಪಾಲನು ಇಪ್ಪತ್ತು ವರುಷಕ್ಕಿಂತ ಹೆಚ್ಚು ಕಾಲ ಸುವಾರ್ತೆಯನ್ನು ಸಾರಿ, ಬಂಗಾಳಿಯಲ್ಲಿ ಕೀರ್ತನೆಗಳನ್ನು ಕಟ್ಟಿ, 1822ರಲ್ಲಿ ಕಾಲರಾ ರೋಗದಿಂದ ತೀರಿಹೋದನು. 1803ರಲ್ಲಿ ಅವನ ಮಗಳನ್ನು ಕೃಷ್ಣಪ್ರಸಾದನೆಂಬ ಕ್ರೈಸ್ತನಾದ ಬ್ರಾಹ್ಮಣನು ಮದುವೆಯಾದನು. ಹೆಸರು ಹಳೆಯದಾಗಿಯೇ ಉಳಿಯಿತು, ಜಾತಿಯು ಉಳಿಯಲಿಲ್ಲ. ನಮ್ಮಲ್ಲಿ ಕೆಲವು ಕಡೆ ಇದಕ್ಕೆ ತಿರುಗಾಮುರುಗಾ ಆಗಿರುವದನ್ನು ನೋಡಿದ್ದೇವೆ: ಹೆಸರು ವಿಲ್ಯಮ್, ಎಡ್ವರ್ಡ್ ಎಂದಾಗಿರುತ್ತದೆ, ಆದರೆ ಹೆಣ್ಣು ತರುವಾಗ ಹಳೆಯ ಕೇರಿಯ ಲೆಕ್ಕವೇ ನಡೆಯುತ್ತದೆ.

1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಗಿ ಹೊರಬಂದಿತು. ಅದೇ ವರುಷ ಕಲ್ಕತ್ತೆಯ ಕಂಪನಿ ಸರಕಾರದವರು ತಮ್ಮ ಹೊಸ ಕಾಲೇಜಿನಲ್ಲಿ ಬಂಗಾಳಿಯನ್ನು ಕಲಿಸುವದಕ್ಕೆ ಯಾರೂ ಸಿಕ್ಕದೆ, ತಾವು ಬೇಡವೆಂದಿದ್ದ ಮಿಷನರಿಯನ್ನೇ ಕರೆಯಬೇಕಾಯಿತು. ಆ ಕಾಲೇಜಿನ ಹೆಸರು ಫೋರ್ಟ್ ವಿಲ್ಯಮ್. ಮೂರನೆಯ ವಿಲ್ಯಮ್ ಅರಸನ ಹೆಸರನ್ನು ಕಲ್ಕತ್ತೆಯ ಕೋಟೆಗೆ ಇಟ್ಟಿದ್ದರು. ಕೋಟೆಯ ಹೆಸರು ಕಾಲೇಜಿಗೆ ಬಂದಿತ್ತು. ಅರಸನ ಹೆಸರಿನ ಕೋಟೆಯೊಳಕ್ಕೆ ಅದೇ ಹೆಸರಿನ ಮೋಚಿಯು ಗುರುವಾಗಿ ಹೋದನು. ಬಂದ ದೊಡ್ಡ ಸಂಬಳವನ್ನು ತಮ್ಮ ಸ್ವಲ್ಪ ಖರ್ಚಿಗೆ ಬಿಟ್ಟು ಉಳಿದದ್ದೆಲ್ಲವನ್ನೂ ಮಿಷನ್ನಿನ ಗಂಟಿಗೆ ಹಾಕಿದರು. ಒಮ್ಮೆ ಗವರ್ನರ್ ಜನರಲ್ಲರ ಔತಣದಲ್ಲಿ ಒಬ್ಬ ಸೇನಾಧಿಕಾರಿಯು, ಈ ಕೇರಿ ಎಂಬವನು ಹಿಂದೆ ಜೋಡು ಮಾಡುವವನಾಗಿದ್ದನಂತಲ್ಲಾ ಎಂದು ಪಕ್ಕದವನನ್ನು ಕೇಳಿದನು. ಅದು ಕೇರಿ ಅಯ್ಯನವರ ಕಿವಿಗೆ ಬಿತ್ತು. ಅವರು ಮುಂದೆ ಬಂದು, ತಾನು ಜೋಡು ಮಾಡುವವನೂ ಅಲ್ಲ, ಹರಿದ ಜೋಡುಗಳನ್ನು ಹೊಲಿಯುವವನು ಮಾತ್ರವೇ ಎಂದು ತಿಳಿಸಿದರಂತೆ.

ಆ ಕಾಲೇಜಿನಲ್ಲಿ ಅವರು ಸಂಸ್ಕೃತವನ್ನೂ ಮರಾಠಿಯನ್ನೂ ಕಲಿಸಿದರು. 1805ರಲ್ಲಿ ಮರಾಠಿ ವ್ಯಾಕರಣವನ್ನೂ, 1810ರಲ್ಲಿ ಮೋಡಿ ಅಕ್ಷರದಲ್ಲಿ ಮರಾಠಿ ನಿಘಂಟನ್ನೂ ಅಚ್ಚುಹಾಕಿಸಿದರು. ಗೋಕಾಕ ಹುಕ್ಕೇರಿಗಳ ಹಳೆಯ ಮನೆತನಗಳಲ್ಲಿ ಮೋಡಿಯ ಕಾಗದಪತ್ರಗಳನ್ನು ಗಂಟುಕಟ್ಟಿ ಇಟ್ಟವರಿಗೆ ಆ ಅಕ್ಷರವು ಎಷ್ಟು ತೊಡಕಿನದೆಂದು ಗೊತ್ತು. ಮರಾಠಿಯ ಸಂಗಡ ಕನ್ನಡಕ್ಕೂ ಅವರು ಕೈಹಾಕಿದರು. ಕನ್ನಡ ನಾಡಿನ ಮಣ್ಣನ್ನು ಒಮ್ಮೆಯೂ ಮೆಟ್ಟದ ಆ ಮನುಷ್ಯನು, ಪಂಡಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಭಾಷೆಯಲ್ಲಿ ಹೊಸ ಒಡಂಬಡಿಕೆಯನ್ನು ಬರೆದು ಮುಗಿಸಿದನು.

1812ನೇ ಇಸವಿ ಮಾರ್ಚ್ 11ರ ಸಂಜೆ ಸೇರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ವಾರ್ಡ್ ಅಯ್ಯನವರು ಕದ ಕಿಟಕಿಗಳನ್ನು ಮುಚ್ಚಿಸಿ ಗಾಳಿ ಹೋಗದಂತೆ ಮಾಡಿ ನೀರು ಹೊಯ್ಯಿಸಿದರು. ಯಾರೋ ಒಬ್ಬರು ಕಿಟಕಿಯನ್ನು ತೆರೆದರು, ಎಲ್ಲವೂ ಹೊತ್ತಿಕೊಂಡಿತು. ಕಾಗದ, ಪುಸ್ತಕ, ಹಲವು ಭಾಷೆಗಳ ಸೀಸದ ಅಕ್ಷರಗಳು, ಎಲ್ಲವೂ ಹೋದವು. ನಷ್ಟವು ಸುಮಾರು 70,000 ರೂಪಾಯಿ. ಹಣದ ನಷ್ಟಕ್ಕಿಂತ ಕೈಬರಹದ ನಷ್ಟವು ದೊಡ್ಡದು. ಅನೇಕ ಭಾಷೆಗಳ ನಿಘಂಟು, ತೆಲುಗು ವ್ಯಾಕರಣ, ಸಂಸ್ಕೃತ ಹಳೆ ಒಡಂಬಡಿಕೆಯ ಭಾಗಗಳು ಸುಟ್ಟುಹೋದವು. ಅವುಗಳ ಸಂಗಡ ಕನ್ನಡ ಹೊಸ ಒಡಂಬಡಿಕೆಯ ಕೈಬರಹವೂ ಬೂದಿಯಾಯಿತು.

ಕೇರಿ ಅಯ್ಯನವರು ಆ ರಾತ್ರಿ ಕಲ್ಕತ್ತೆಯಲ್ಲಿದ್ದರು. ಮರುದಿನ ಮಾರ್ಷ್‌ಮನ್ನರು ಹೋಗಿ ತಿಳಿಸಿದಾಗ ಅವರ ಬಾಯಿಂದ ಮಾತು ಹೊರಡಲಿಲ್ಲ. ಸಂಜೆ ಬಂದು ಹೊಗೆಯಾಡುವ ಗುಡ್ಡೆಯನ್ನು ನೋಡಿ ಅತ್ತರು. ಆ ಮೇಲೆ ಬೂದಿಯನ್ನು ಕೆದಕಿದರು. ಅಕ್ಷರಗಳನ್ನು ಎರಕಹೊಯ್ಯುವ ಅಚ್ಚುಗಳು ಕೆಡದೆ ಸಿಕ್ಕಿದವು. ಐದು ಮುದ್ರಣಯಂತ್ರಗಳು ಉಳಿದಿದ್ದವು. ಕರಗಿಬಿದ್ದ ಸೀಸವನ್ನೇ ತೆಗೆದು ಕಮ್ಮಾರರು ಹಗಲಿರುಳು ಹೊಸ ಅಕ್ಷರಗಳನ್ನು ಎರೆದರು. ಕೆಲವೇ ವಾರಗಳಲ್ಲಿ ಅಚ್ಚುಕೂಟವು ತಿರಿಗಿ ನಡೆಯಿತು. ಅಯ್ಯನವರಿಗೆ ಆಗ ಐವತ್ತು ದಾಟಿತ್ತು. ಅವರು ಕನ್ನಡವನ್ನು ಮೊದಲಿನಿಂದ ಬರೆಯತೊಡಗಿದರು. 1817ರಲ್ಲಿ ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣವು ಸೇರಾಂಪುರದಲ್ಲಿ ಅಚ್ಚಾಯಿತು. ಆಮೇಲೆ ಕನ್ನಡ ಹೊಸ ಒಡಂಬಡಿಕೆಯೂ ಅಲ್ಲಿ ಅಚ್ಚಾಯಿತು. ಹೆಸರಿನ ಅರ್ಥವು ಮನುಷ್ಯನಿಗೆ ಸಲ್ಲಬೇಕೆಂಬ ನಿಯಮವಿಲ್ಲ. ವಿಲ್ಯಮ್ ಎಂಬವರಲ್ಲಿ ಮನಸ್ಸು ಮೇಣದಂತಿದ್ದವರೂ ಇರಬಹುದು. ಆದರೆ ಬೂದಿಯ ಮುಂದೆ ಕೂತು ಅದೇ ಪುಸ್ತಕವನ್ನು ಎರಡನೆಯ ಸಾರಿ ಬರೆದ ಈತನಿಗೆ ವಿಲ್ ಎಂಬ ಆ ಮೊದಲ ಶಬ್ದವು ಸಲ್ಲುತ್ತದೆ. ಎರಡನೆಯದಾದ ಶಿರಸ್ತ್ರಾಣವು ಯಾವದೆಂದು ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು ಓದಿದವರು ಬಲ್ಲರು.

ನಿಜವನ್ನು ಹೇಳಬೇಕಾದರೆ, ಆ ಕನ್ನಡ ಭಾಷಾಂತರವು ನಮ್ಮ ನಾಡಿನಲ್ಲಿ ನಿಲ್ಲಲಿಲ್ಲ. ದೂರದಲ್ಲಿ ಕೂತು ಪಂಡಿತರ ಬಾಯಿಂದ ಕಲಿತ ಭಾಷೆಗೂ, ಸಂತೆಯಲ್ಲಿ ನಿಂತು ಕಲಿತ ಭಾಷೆಗೂ ಅಂತರವಿರುತ್ತದೆ. ಬಳ್ಳಾರಿಯಲ್ಲಿ ಜನರ ನಡುವೆ ಇದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಯ್ಯನವರ ಭಾಷಾಂತರವು ಬಳಕೆಗೆ ಬಂದು, 1831ರ ಹೊತ್ತಿಗೆ ಇಡೀ ಸತ್ಯವೇದವು ಕನ್ನಡದಲ್ಲಾಯಿತು. ಅದೇ ಮಿಷನ್ನಿನ ವಿಲ್ಯಮ್ ರೀವ್ ಅಯ್ಯನವರು 1824ರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ, 1832ರಲ್ಲಿ ಕನ್ನಡದಿಂದ ಇಂಗ್ಲಿಷಿಗೂ ನಿಘಂಟುಗಳನ್ನು ಪ್ರಕಟಿಸಿದರು. 1820ರಲ್ಲಿ ಜೋಸೆಫ್ ಟೇಲರ್ ಅಯ್ಯನವರು ಬೆಳಗಾವಿಯಲ್ಲಿ ಆರಂಭಿಸಿದ ಕೆಲಸಕ್ಕೆ ಬಂದು ಸೇರಿದವರ ಹೆಸರು ವಿಲ್ಯಮ್ ಬೈನನ್; ಬೆಳಗಾವಿಯ ಬೈನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಅವರು ಇಂದಿಗೂ ಕೇಳಿಬರುತ್ತಾರೆ. ನಮ್ಮ ಹಳ್ಳಿಗಳ ಮಕ್ಕಳಿಗೆ ವಿಲ್ಯಮ್ ಎಂಬ ಹೆಸರು ಅರಸರಿಂದ ಬರಲಿಲ್ಲ, ಇಂಥವರ ಕಡೆಯಿಂದ ಬಂದಿತು.

ಕೇರಿ ಅಯ್ಯನವರ ಉಳಿದ ಕೆಲಸಗಳನ್ನು ಬರೆಯುವದಕ್ಕೆ ಈ ಪತ್ರಿಕೆ ಸಾಲದು. 1818ರಲ್ಲಿ ಅವರೂ ಅವರ ಜೊತೆಯವರೂ ಸ್ಥಾಪಿಸಿದ ಸೇರಾಂಪುರದ ಕಾಲೇಜಿನ ಹೆಸರನ್ನು ಸೆಮಿನರಿಯಲ್ಲಿ ಓದಿದ ನಮ್ಮಂಥವರು ಸರ್ಟಿಫಿಕೇಟಿನ ಮೇಲೆ ಕಂಡಿದ್ದೇವೆ. 1820ರಲ್ಲಿ ಬೇಸಾಯ ತೋಟಗಾರಿಕೆಗಳ ಸಂಘವನ್ನು ಕಟ್ಟಿದರು. ಗಂಡನ ಹೆಣದ ಸಂಗಡ ಹೆಂಡತಿಯನ್ನು ಸುಡುವ ಪದ್ಧತಿಯನ್ನು ಕಣ್ಣಾರೆ ಕಂಡು, ಅದಕ್ಕೆ ವಿರೋಧವಾಗಿ ಮೂವತ್ತು ವರುಷ ಬರೆದರು, ಬೇಡಿದರು. 1829ರ ಡಿಸೆಂಬರಿನಲ್ಲಿ ವಿಲ್ಯಮ್ ಬೆಂಟಿಂಕ್ ಪ್ರಭುವು ಅದನ್ನು ಕಾಯಿದೆಯಿಂದ ನಿಲ್ಲಿಸಿ, ಆ ಕಾಯಿದೆಯನ್ನು ಬಂಗಾಳಿಗೆ ತಿರುಗಿಸುವದಕ್ಕಾಗಿ ಕೇರಿ ಅಯ್ಯನವರಿಗೆ ಕಳುಹಿಸಿದನು. ಅದು ಕೈಗೆ ಬಂದದ್ದು ರವಿವಾರ ಬೆಳಿಗ್ಗೆ. ಪ್ರಸಂಗಕ್ಕೆ ಬೇರೊಬ್ಬರನ್ನು ಕಳುಹಿಸಿ, ಒಂದು ಗಳಿಗೆ ತಡವಾದರೆ ಒಂದು ಜೀವ ಹೋದೀತೆಂದು ಕೂತು, ಸಂಜೆಯೊಳಗೆ ಮುಗಿಸಿಕೊಟ್ಟರು.

ಅವರು ಕಡೇ ಕಾಯಿಲೆಯಲ್ಲಿ ಮಲಗಿದ್ದಾಗ ಅಲೆಕ್ಸಾಂಡರ್ ಡಫ್ ಎಂಬ ಸ್ಕಾಟ್ಲೆಂಡಿನ ತರುಣ ಮಿಷನರಿಯು ನೋಡಬಂದನು. ಅವನು ಕೇರಿ ಅಯ್ಯನವರ ಕೆಲಸಗಳನ್ನು ಬಹಳವಾಗಿ ಹೊಗಳಿದನು. ಹೊರಟು ಬಾಗಲಿಗೆ ಬಂದಾಗ ಮಲಗಿದವರು ಮೆಲ್ಲಗೆ ತಿರಿಗಿ ಕರೆದು, ಇಷ್ಟು ಹೊತ್ತು ನೀನು ಡಾಕ್ಟರ್ ಕೇರಿ, ಡಾಕ್ಟರ್ ಕೇರಿ ಎಂದು ಮಾತಾಡಿದಿ, ನಾನು ಹೋದ ಮೇಲೆ ಕೇರಿಯ ಹೆಸರನ್ನು ಬಿಟ್ಟು ಕೇರಿಯ ರಕ್ಷಕನ ವಿಷಯ ಮಾತಾಡಬೇಕೆಂಬ ಅರ್ಥದಲ್ಲಿ ಹೇಳಿದರಂತೆ. 1834ನೇ ಇಸವಿ ಜೂನ್ 9ನೇ ತಾರೀಖು ಬೆಳಿಗ್ಗೆ ಅವರು ಸೇರಾಂಪುರದಲ್ಲಿ ನಿದ್ರೆಹೋದರು. 1793ರಲ್ಲಿ ಬಿಟ್ಟುಬಂದ ಊರಿಗೆ ಒಂದು ಸಾರಿಯೂ ಹಿಂದಿರುಗಿ ಹೋಗಿರಲಿಲ್ಲ.

ಈ ಚರಿತ್ರೆಯನ್ನು ನಾವು ಘೋಡಗೇರಿಯ ಸಭೆಯಲ್ಲಿ ಎರಡು ಸಂಜೆ ಹೇಳಿದೆವು. ಕೃಷ್ಣಪಾಲನ ಮಾತು ಬಂದಾಗ, ತೀರ್ಪು ಕೊಟ್ಟಿದ್ದ ಹಿರಿಯರು ಹೊಸ ಒಡಂಬಡಿಕೆಯನ್ನು ತರಿಸಿ, ರೋಮಾಪುರದವರಿಗೆ ಬರೆದ ಪತ್ರಿಕೆಯ ಕಡೇ ಅಧ್ಯಾಯದ ಹೆಸರುಗಳನ್ನು ತಾವೇ ಒಂದೊಂದಾಗಿ ಓದಿಸಿದರು. ಮುಂದಿನ ತಿಂಗಳ ಮೊದಲನೆಯ ರವಿವಾರ ಕೂಸಿಗೆ ದೀಕ್ಷಾಸ್ನಾನವಾಯಿತು. ಸಭೆಯ ದಫ್ತರದಲ್ಲಿ ಅಜ್ಜನ ಹೆಸರು ಮುಂದೆ, ವಿಲ್ಯಮ್ ಎಂಬದು ಅದರ ಹಿಂದೆ ಬರೆಯಲ್ಪಟ್ಟಿದೆ. ಕೂಸನ್ನು ಎತ್ತಿಕೊಂಡು ನಿಂತವಳು ಅಜ್ಜಿಯೇ. ದಫ್ತರದಲ್ಲಿ ಸಾಕ್ಷಿಯ ಸ್ಥಳದಲ್ಲಿ ಆಕೆಯ ಹೆಬ್ಬೆಟ್ಟು ಇದೆ.